ಇಲ್ಲದ ಪತ್ರಗಳನ್ನು ಹುಡುಕಿಕೊಟ್ಟ ಕಪ್ಪು ಕಿಟಕಿಯವರಿಗೆ

ಮಾನ್ಯ ಫೈಂಡ್ ಅವರ ಸನ್ನಿಧಿಗೆ,
ಹುಡುಕಾಟದ ಮುಖ್ಯಾಧಿಕಾರಿಗಳು,
ಕಪ್ಪು ಕಿಟಕಿ, ನನ್ನ ಕಂಪ್ಯೂಟರಿನ ಒಳಗೆ.

ವಿಷಯ: ಇಲ್ಲವೆಂದು ಸಾಬೀತು ಮಾಡಿಕೊಡಿರೆಂದು ಕೋರಿದ್ದ ಪತ್ರಗಳನ್ನು ತಾವು ಹುಡುಕಿ ಕೈಗಿಟ್ಟಿರುವ ಬಗ್ಗೆ ದೂರು.

ಮಾನ್ಯರೇ,

ತಮ್ಮ ಕಿಟಕಿಯ ಮೂಲೆಯಲ್ಲಿ ಆ ಪುಟ್ಟ ಬಿಳಿ ಗೆರೆ ಎಂದಿನಂತೆ ಕಣ್ಣು ಮಿಟುಕಿಸುತ್ತಿದೆಯೆಂದೂ, ಕಡತಗಳ ಒಳಗನ್ನು ಓದುವ ತಮ್ಮ ಸಹೋದ್ಯೋಗಿ ಗ್ರೆಪ್ ಅವರು ಕ್ಷೇಮವಾಗಿದ್ದಾರೆಂದೂ ನಂಬಿ, ಅಂಗಡಿಯ ಸ್ಟೂಲಿನ ಮೇಲೆ ಕೂತು ಈ ಪತ್ರ ಬರೆಯುತ್ತಿದ್ದೇನೆ. ತಮ್ಮಂಥ ನಿಷ್ಠಾವಂತ ನೌಕರರ ಮೇಲೆ ದೂರು ಬರೆಯುವುದು ನನಗೂ ಸಂತೋಷದ ಕೆಲಸವಲ್ಲ. ಆದರೆ ನಿಷ್ಠೆಗೂ ಒಂದು ಮಿತಿ ಬೇಡವೇ?

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ, ಏಕೆಂದರೆ ಮೂರು ದಿನದಿಂದ ನಾನು ತಮ್ಮ ಮುಂದೆ ಕೂತಿದ್ದರೂ ತಾವು ಒಮ್ಮೆಯೂ ಕೇಳಲಿಲ್ಲ. ನಾನು ಬೀಗ ರಿಪೇರಿಯವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಕಂಪ್ಯೂಟರ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ, ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದ ಅಂಗಡಿ ನನ್ನದು. ಗೋಡೆಯ ಹಲಗೆಯ ಮೇಲೆ ಎಂಟುನೂರಕ್ಕೂ ಹೆಚ್ಚು ಕೀಲಿಗಳು ನಂಬರಿನ ಬಿಲ್ಲೆ ಕಟ್ಟಿಕೊಂಡು ತೂಗಾಡುತ್ತಿವೆ, ಯಾರು ಬಂದು ಯಾವ ನಂಬರು ಹೇಳಿದರೂ ಅರ್ಧ ನಿಮಿಷದಲ್ಲಿ ತೆಗೆದುಕೊಡುತ್ತೇನೆ. ಹಾಗಾಗಿ ಹುಡುಕುವವರ ಕಷ್ಟ ಹುಡುಕುವವರಿಗೇ ಗೊತ್ತು ಎಂಬ ಸಲುಗೆಯಿಂದ ನಾಲ್ಕು ಮಾತು ಹೆಚ್ಚು ಆಡಿದರೆ ತಾವು ತಪ್ಪು ತಿಳಿಯಬಾರದು.

ನನಗೊಬ್ಬಳು ಅಕ್ಕ ಇದ್ದಾಳೆ. ಐದು ಗಂಟೆ ಬಸ್ಸಿನ ದೂರದ ಇನ್ನೊಂದು ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹನ್ನೊಂದು ವರ್ಷದ ಹಿಂದೆ ಅವಳ ಹೊಲಿಗೆ ಯಂತ್ರದ ಬೆಲ್ಟ್ ಹರಿದಾಗ ಇಲ್ಲಿಂದ ಒಂದು ಬೆಲ್ಟ್ ಪಾರ್ಸೆಲ್ ಮಾಡಿ, ಆಗಷ್ಟೇ ಕಲಿತಿದ್ದ ಹುರುಪಿನಲ್ಲಿ ಅವಳಿಗೊಂದು ಈಮೇಲ್ ಕಳಿಸಿದ್ದೆ. ವಿಷಯದ ಜಾಗದಲ್ಲಿ "ಬೆಲ್ಟ್ ಬಂತಾ" ಎಂದು ಬರೆದಿದ್ದೆ. ಅವಳು "ಬಂತು" ಎಂದು ಉತ್ತರಿಸಿದಳು. ಉತ್ತರಿಸುವ ಗುಂಡಿ ಯಾವುದೆಂದು ಅವಳಿಗೆ ಅಂದು ಗೊತ್ತಾಯಿತು. ಹೊಸ ಪತ್ರ ಶುರು ಮಾಡುವ ಗುಂಡಿ ಯಾವುದೆಂದು ಇಂದಿನವರೆಗೂ ಗೊತ್ತಾಗಿಲ್ಲ. ಆಮೇಲೆ ಅವಳು ನನಗೆ ಬರೆದ ಪ್ರತಿಯೊಂದು ಪತ್ರವೂ, ಜ್ವರ ಬಂದದ್ದೂ, ಮನೆ ಬದಲಿಸಿದ್ದೂ, ಭಾವ ತೀರಿಕೊಂಡದ್ದೂ, ಎಲ್ಲವೂ "ಬೆಲ್ಟ್ ಬಂತಾ" ಎಂಬ ಅದೇ ಪತ್ರಕ್ಕೆ ಉತ್ತರವಾಗಿಯೇ ಬಂದವು. ಇಬ್ಬರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರು, ಕಲಿಸಿದವರೂ ಒಬ್ಬರೇ, ಹಾಗಾಗಿ ನಮ್ಮ ತಪ್ಪುಗಳೂ ಒಂದೇ. ಇದು ನಮ್ಮ ಮನೆಯ ಪತ್ರವ್ಯವಹಾರದ ಪದ್ಧತಿ. ತಾವು ನಗುವವರಲ್ಲ ಎಂಬ ಧೈರ್ಯದಿಂದ ಹೇಳಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮಿಬ್ಬರಿಗೆ ಮಾತು ನಿಂತಿತು. ಕಾರಣ ಒಂದು ಟ್ರಂಕು. ಅಮ್ಮ ತೀರಿಕೊಂಡು ಬಹಳ ಕಾಲದ ಮೇಲೆ ಅತ್ತೆಯ, ಅಂದರೆ ನಮ್ಮಪ್ಪನ ತಂಗಿಯ, ಅಟ್ಟದಲ್ಲಿ ಅಮ್ಮನದೊಂದು ಟ್ರಂಕು ಸಿಕ್ಕಿತು. ಮೇಲೆ ಅಮ್ಮನೇ ಕೈಯಿಂದ ಹೊಲಿದ ದಪ್ಪ ಬಟ್ಟೆಯ ಗವಸು, ಅದರಡಿ ಈಗ ಯಾರೂ ಮಾಡದ ನಮೂನೆಯ ಬೀಗ, ಕೀಲಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಟ್ರಂಕು ನನ್ನ ಅಂಗಡಿಗೆ ಬಂತು, ಭಾನುವಾರ ಅಕ್ಕ ಬಂದ ಮೇಲೆ ಇಬ್ಬರೂ ಕೂಡಿ ತೆಗೆಯುವುದೆಂದು ಮಾತಾಯಿತು. ಅದು ಬಂದದ್ದು ಬುಧವಾರ. ಮಾನ್ಯರೇ, ಬೆಕ್ಕಿನ ಮುಂದೆ ಹಾಲಿಟ್ಟು ಭಾನುವಾರದವರೆಗೆ ಕಾಯಿ ಎಂದರೆ ಅದು ಎಷ್ಟು ದಿನ ಕಾದೀತು? ನಾನು ಶುಕ್ರವಾರದವರೆಗೆ ಕಾದೆ. ಗವಸಿನ ಒಂದು ಬದಿಯ ಹೊಲಿಗೆ ಬಿಚ್ಚಿ, ಬೀಗವನ್ನು ಒಂದು ಗೀರೂ ಬೀಳದಂತೆ ತೆಗೆದೆ. ಒಳಗಿದ್ದದ್ದು ಒಂದು ಡಬ್ಬ ತುಂಬ ಬಿಡಿ ಗುಂಡಿಗಳು, ನಾವಿಬ್ಬರು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಎರಡು ಸ್ವೆಟರುಗಳು, ಮತ್ತು ಆ ಟ್ರಂಕಿನದೇ ಕೀಲಿ. ಕೀಲಿಯನ್ನು ಒಳಗಿಟ್ಟು ಬೀಗ ಒತ್ತಿದವಳು ನನ್ನ ಅಮ್ಮ, ಹಾಗಾಗಿ ನನ್ನ ಬುದ್ಧಿ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟು, ಬೀಗ ಹಾಕಿ, ಬಿಚ್ಚಿದ ಹೊಲಿಗೆಯನ್ನು ನನ್ನ ಕೈಲಾದಷ್ಟು ನೀಟಾಗಿ ಮತ್ತೆ ಹಾಕಿದೆ.

ಭಾನುವಾರ ಅಕ್ಕ ಬಂದಳು, ಚೀಲ ಕೆಳಗಿಟ್ಟಳು, ಗವಸಿನ ಮೇಲೆ ಒಮ್ಮೆ ಬೆರಳಾಡಿಸಿದಳು. "ಈ ಹೊಲಿಗೆ ಅಮ್ಮಂದಲ್ಲ" ಎಂದಳು. ಲೋಕದ ಯಾವ ಬೀಗದವನೂ ಕಂಡುಹಿಡಿಯಲಾಗದ ಕೆಲಸವನ್ನು ನಾನು ಮಾಡಿದ್ದೆ, ಆದರೆ ಸಿಕ್ಕಿಬಿದ್ದದ್ದು ದರ್ಜಿಯ ಕೈಗೆ. ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. "ನಿಂಗೆ ಬೀಗ ಕಂಡ್ರೆ ಸಾಕು, ಪಕ್ಕದಲ್ಲಿ ನಿಂತಿರೋರು ಕಾಣಲ್ಲ" ಎಂದಳು. "ಬಟ್ಟೆ ಅಳೆಯೋರು ಮನುಷ್ಯರನ್ನ ಅಳೆಯೋಕೆ ಬರಬಾರದು" ಎಂದೆ ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಟೀ ಕೂಡ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೋದಳು, ಟ್ರಂಕು ನನ್ನ ಅಂಗಡಿಯಲ್ಲೇ ಉಳಿಯಿತು. ಈಗ ಅದರ ಮೇಲೆ ಗಿರಾಕಿಗಳು ಕೂರುತ್ತಾರೆ.

ಇಷ್ಟಾದ ಮೇಲೆ ಯಾರು ಮೊದಲು ಬರೆಯಬೇಕೆಂದು ತಾವೇ ಹೇಳಿ. ದೊಡ್ಡವಳು ಅವಳು, ಎದ್ದು ಹೋದವಳು ಅವಳು, ಹಾಗಾಗಿ ಅವಳೇ ಬರೆಯಲಿ ಎಂದು ನಾನು ಕಾದೆ. ಪತ್ರ ಬರಲಿಲ್ಲ. ಒಂದು ತಿಂಗಳು ಹೋಯಿತು, ಆರು ತಿಂಗಳು ಹೋಯಿತು, ಕಡೆಗೆ ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಮುನಿಸು ಇಟ್ಟುಕೊಂಡವಳು ಅಕ್ಕನೇ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದೆ. ಹೀಗೆ ಎರಡು ವರ್ಷ ನಾನು ಬಹಳ ನ್ಯಾಯವಂತಳಾಗಿ ಬದುಕಿದೆ.

ಮೊನ್ನೆ ಅತ್ತೆ ಫೋನ್ ಮಾಡಿದರು. ಅತ್ತೆ ನಮ್ಮಿಬ್ಬರ ನಡುವೆ ಬೀಳುವವರಲ್ಲ, ಬಿದ್ದರೆ ಏಳುವವರೂ ಅಲ್ಲ. "ನೀನು ಉತ್ತರ ಕೊಡಲ್ವಂತೆ. ಅವಳು ಬರೆದೂ ಬರೆದೂ ಸುಸ್ತಾಗಿದ್ದಾಳೆ. ಕಲ್ಲು ಮನಸ್ಸು ಕಣೇ ನಿಂದು" ಎಂದರು. ನಾನು ಉರಿದುಬಿದ್ದೆ. ಬರೆದದ್ದೇ ಸುಳ್ಳು, ಒಂದೇ ಒಂದು ಪತ್ರವೂ ಬಂದಿಲ್ಲ, ಬೇಕಾದರೆ ತೋರಿಸಿಯೇ ಬಿಡುತ್ತೇನೆ ಎಂದು ಮೇಲ್ ಪ್ರೋಗ್ರಾಮಿನಲ್ಲಿ ಅಕ್ಕನ ವಿಳಾಸ ಹಾಕಿ ಹುಡುಕಿದೆ. ಜಗಳಕ್ಕೆ ಮುಂಚಿನದು ರಾಶಿ ರಾಶಿ ಬಂತು, ಆಮೇಲಿನದು ಒಂದೂ ಇಲ್ಲ. ಅದನ್ನು ಅತ್ತೆಗೆ ಹೇಳಿದಾಗ ನನ್ನ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅತ್ತೆ ಸೋಲಲಿಲ್ಲ. "ಮೇಲ್ಮೇಲೆ ನೋಡಿದ್ರೆ ಆಗಲ್ಲ, ಬುಡದಲ್ಲಿ ನೋಡು" ಎಂದರು.

ಬುಡ ಎಲ್ಲಿದೆ ಎಂದು ಪಕ್ಕದ ಅಂಗಡಿಯ ಕಂಪ್ಯೂಟರ್ ರಿಪೇರಿಯವರನ್ನು ಕೇಳಿದೆ. ಅವರ ಶಟರು ಮಳೆಗಾಲದಲ್ಲೆಲ್ಲ ಸಿಕ್ಕಿಕೊಳ್ಳುತ್ತದೆ, ನಾನು ಬಿಡಿಸಿಕೊಡುತ್ತೇನೆ. ನನ್ನ ಕಂಪ್ಯೂಟರು ಎಲ್ಲ ಕಾಲದಲ್ಲೂ ಸಿಕ್ಕಿಕೊಳ್ಳುತ್ತದೆ, ಅವರು ಬಿಡಿಸಿಕೊಡುತ್ತಾರೆ. "ಪ್ರೋಗ್ರಾಮು ತನಗೆ ಹೇಳಿದ ಕಡೆ ಮಾತ್ರ ನೋಡುತ್ತೆ. ಪತ್ರಗಳೆಲ್ಲ ಡಿಸ್ಕಿನಲ್ಲಿ ಒಂದೊಂದೂ ಒಂದೊಂದು ಫೈಲಾಗಿ ಬಿದ್ದಿರ್ತವೆ. ಕಪ್ಪು ಕಿಟಕಿ ತೆಗೆದು, ಫೈಂಡ್ ಅನ್ನೋ ಹುಡುಕೋ ಕಮಾಂಡನ್ನ ಕೇಳಿ, ಅದಕ್ಕೆ ಮುಖ ದಾಕ್ಷಿಣ್ಯ ಇಲ್ಲ" ಎಂದು ಹೇಳಿ, ನನ್ನದೇ ಒಂದು ಕೀಲಿ ಬಿಲ್ಲೆಯ ಚೀಟಿಯ ಹಿಂದೆ ತಮ್ಮನ್ನೂ ಗ್ರೆಪ್ ಅವರನ್ನೂ ಕರೆಯುವ ಎರಡು ಸಾಲು ಬರೆದುಕೊಟ್ಟರು. ದಾಕ್ಷಿಣ್ಯ ಇಲ್ಲ ಎಂದದ್ದನ್ನು ನಾನು ಆಗ ಸರಿಯಾಗಿ ಕಿವಿಗೆ ಹಾಕಿಕೊಳ್ಳಬೇಕಿತ್ತು.

ತಮ್ಮ ಕಚೇರಿಯ ಮರ್ಯಾದೆಯನ್ನು ಮೊದಲ ದಿನವೇ ಕಂಡೆ. ಮೊದಲು ಎಲ್ಲಿ ಹುಡುಕಬೇಕು, ಆಮೇಲೆ ಎಂಥದನ್ನು ಹುಡುಕಬೇಕು ಎಂದು ಹೇಳಬೇಕಂತೆ. ನಾನು ಎಲ್ಲಿ ಎಂಬ ಜಾಗದಲ್ಲಿ ಕೈತಪ್ಪಿ ಇಡೀ ಡಿಸ್ಕನ್ನೇ ಬರೆದುಕೊಟ್ಟೆ. ತಾವು ಒಂದು ಮಾತು ಆಡದೆ ಹೊರಟಿರಿ, ಹೊರಟವರು ಪ್ರತಿ ಬಾಗಿಲ ಮುಂದೆಯೂ ನಿಂತು "ಅನುಮತಿ ಇಲ್ಲ", "ಅನುಮತಿ ಇಲ್ಲ" ಎಂದು ಒಂದು ಸಾಲು ಬರೆದು ಮುಂದೆ ಹೋದಿರಿ. ಮೂವತ್ತು ವರ್ಷದಿಂದ ಬೀಗ ತೆಗೆದು ಹೊಟ್ಟೆ ಹೊರೆಯುತ್ತಿರುವವಳಿಗೆ, ಅವಳ ಸ್ವಂತ ಅಂಗಡಿಯಲ್ಲಿ, ಅವಳ ಸ್ವಂತ ಕಂಪ್ಯೂಟರಿನ ಮುಂದೆ, ನಾನೂರು ಸಲ ಅನುಮತಿ ಇಲ್ಲ ಎಂದ ಮಹನೀಯರು ತಾವೊಬ್ಬರೇ. ಚಪ್ಪಲಿ ಅಂಗಡಿಯವರು ಅದನ್ನು ನೋಡಿ ನಕ್ಕದ್ದನ್ನು ನಾನು ಇನ್ನೂ ಮರೆತಿಲ್ಲ.

ಎರಡನೇ ದಿನ ಎಲ್ಲಿ ಎಂಬುದನ್ನು ಸರಿಯಾಗಿ ಹೇಳಿ, ಪತ್ರದ ಫೈಲುಗಳನ್ನು ಮಾತ್ರ ತೋರಿಸಿ ಎಂದೆ. ತೋರಿಸಿದಿರಿ. ಮೂವತ್ತೊಂದು ಸಾವಿರ ಸಾಲುಗಳು ಕಪ್ಪು ಕಿಟಕಿಯಲ್ಲಿ ಕೆಳಗಿಂದ ಮೇಲಕ್ಕೆ ಹರಿದುಹೋದವು, ಒಂದಕ್ಕೂ ಹೆಸರಿಲ್ಲ, ಎಲ್ಲಕ್ಕೂ ಬರೀ ನಂಬರು. ನನ್ನ ಕೀಲಿ ಹಲಗೆಯನ್ನು ಯಾರೋ ಕಿತ್ತು ನೆಲಕ್ಕೆ ಸುರಿದ ಹಾಗೆ ಕಂಡಿತು. ಸಹಾಯಕ್ಕೆ ಬನ್ನಿರೆಂದು ಗ್ರೆಪ್ ಅವರನ್ನು ಕರೆದು, ಇಷ್ಟರಲ್ಲಿ ಕಳಿಸಿದವರ ಜಾಗದಲ್ಲಿ ಅಕ್ಕನ ವಿಳಾಸ ಇರುವವನ್ನು ಮಾತ್ರ ಹೇಳಿ ಎಂದು ಕೇಳಿಕೊಂಡೆ. ನಿಜ ಹೇಳುತ್ತೇನೆ, ಜಗಳದ ಆಮೇಲಿನದು ಏನೂ ಇಲ್ಲ ಎನ್ನುವಿರಿ ಎಂದು ನನಗೆ ಖಾತ್ರಿಯಿತ್ತು. ಅತ್ತೆಗೆ ಫೋನ್ ಮಾಡಲು ಬೆರಳು ಆಗಲೇ ಸಿದ್ಧವಾಗಿತ್ತು.

ಮಾನ್ಯರೇ, ನನ್ನ ದೂರು ಶುರುವಾಗುವುದೇ ಇಲ್ಲಿಂದ. ತಾವು ಹಳೆಯವನ್ನೆಲ್ಲ ತೋರಿಸಿದ ಮೇಲೆ ಅಲ್ಲಿಗೇ ನಿಲ್ಲಬಹುದಿತ್ತು. ಗಿರಾಕಿಯ ಮುಖ ನೋಡಿ ಎಷ್ಟು ಹೇಳಬೇಕೋ ಅಷ್ಟೇ ಹೇಳುವುದು ಬೀದಿಯ ಪ್ರತಿಯೊಬ್ಬ ಅಂಗಡಿಯವರಿಗೂ ಗೊತ್ತು. ತಾವು ಮಾತ್ರ ನಿಲ್ಲದೆ, "ಕಸ ಎರಡು" ಎಂಬ ಹೆಸರಿನ ಒಂದು ಫೋಲ್ಡರಿನೊಳಗಿಂದ ಇನ್ನೂ ನಲವತ್ತೊಂದು ಸಾಲುಗಳನ್ನು ತಂದು ಸುರಿದಿರಿ.

ಆ ಫೋಲ್ಡರಿಗೆ ಹೋಗಿ ನೋಡೋಣವೆಂದರೆ ಅಲ್ಲೂ ತಮ್ಮ ಕಚೇರಿಯ ಕಾನೂನು ಅಡ್ಡ ಬಂತು. ಹೆಸರಿನ ನಡುವೆ ಒಂದು ಖಾಲಿ ಜಾಗ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಇಬ್ಬರೆಂದು ತಿಳಿದು, "ಕಸ" ಎಂಬವರು ಇಲ್ಲ, "ಎರಡು" ಎಂಬವರೂ ಇಲ್ಲ ಎಂದು ತಿಳಿಸಿದಿರಿ. ಒಂದು ನಿಮಿಷದ ಹಿಂದೆ ಅದರೊಳಗಿಂದಲೇ ನಲವತ್ತೊಂದು ತಂದವರು ಯಾರು ಸ್ವಾಮಿ? ಕಡೆಗೆ ಪಕ್ಕದ ಅಂಗಡಿಯವರು ಬಂದು ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿದ ಮೇಲೆ ತಾವು ಬಾಗಿಲು ತೆರೆದಿರಿ. ತೆರೆದದ್ದು ನೋಡಿದೊಡನೆ ಆ ಫೋಲ್ಡರು ಯಾರದೆಂದು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ತಮಗೆ ಹೇಳದೆ ಇನ್ನಾರಿಗೆ ಹೇಳಲಿ? ಟ್ರಂಕಿನ ಜಗಳ ಆದ ವಾರದಲ್ಲೇ, ಎಲ್ಲೋ ನನ್ನ ವಿಳಾಸ ಸಿಕ್ಕ ಒಂದು ಕಂಪನಿಯವರು ಸೊಂಟಕ್ಕೆ ಕಟ್ಟಿಕೊಂಡರೆ ಹೊಟ್ಟೆ ಕರಗಿಸುವ ಬೆಲ್ಟನ್ನು ನನಗೆ ಮಾರಲು ಹಟ ತೊಟ್ಟು, ದಿನಕ್ಕೆ ಮೂವತ್ತು ಪತ್ರ ಕಳಿಸತೊಡಗಿದರು. ಸಿಟ್ಟಿನಲ್ಲಿ ಪಕ್ಕದ ಅಂಗಡಿಯವರಿಗೆ ಹೇಳಿ ಒಂದು ನಿಯಮ ಮಾಡಿಸಿದೆ. ವಿಷಯದಲ್ಲಿ ಬೆಲ್ಟ್ ಎಂದಿರುವ ಯಾವ ಪತ್ರ ಬಂದರೂ ನನ್ನ ಕಣ್ಣಿಗೆ ಬೀಳದಂತೆ, ನಾನು ಓದಿದ್ದೇನೆ ಎಂದು ಗುರುತು ಹಾಕಿ, ಎತ್ತಿ ಬೇರೆ ಫೋಲ್ಡರಿಗೆ ಹಾಕಬೇಕು, ಹುಡುಕಿದರೂ ತೋರಿಸಬಾರದು. ಕಸ ಎಂಬ ಫೋಲ್ಡರು ಮೊದಲೇ ಇತ್ತು, ಹಾಗಾಗಿ ಇದು ಕಸ ಎರಡು. ಆಗ ಅವರು, "ಬೆಲ್ಟ್ ಅಂತ ಇರೋದ್ರಲ್ಲಿ ನಿಮಗೆ ಬೇಕಾದ್ದು ಯಾವುದೂ ಇಲ್ವಾ?" ಎಂದು ಕೇಳಿದ್ದರು. ಅವರು ಕೇಳಿದ್ದು ಚೆನ್ನಾಗಿ ನೆನಪಿದೆ. "ಯಾವುದೂ ಇಲ್ಲ, ಎಲ್ಲ ಕಸಕ್ಕೆ ಹಾಕಿ" ಎಂದು ನಾನು ಹೇಳಿದ್ದೂ ನೆನಪಿದೆ. ಹೇಳುವಾಗ ಅಕ್ಕನ ಪತ್ರ ನೆನಪಾಗಿರಲಿಲ್ಲವೇ ಎಂದು ತಾವು ಕೇಳುವುದಿಲ್ಲ, ಅದಕ್ಕೇ ತಮ್ಮ ಮೇಲೆ ನನಗೆ ಇಷ್ಟು ಗೌರವ.

ಆ ನಲವತ್ತೊಂದನ್ನೂ ನಿನ್ನೆ ಮಧ್ಯಾಹ್ನ ಅಮ್ಮನ ಟ್ರಂಕಿನ ಮೇಲೆ ಕೂತು ಓದಿದೆ. ಮೊದಲನೆಯದು ಜಗಳವಾದ ಎಂಟನೇ ದಿನದ್ದು. "ನಾನೂ ಜೋರಾಗಿ ಮಾತಾಡಿಬಿಟ್ಟೆ, ತಪ್ಪಾಯ್ತು. ಒಳಗೆ ಏನಿತ್ತು ಅಂತ ಆದ್ರೂ ಹೇಳು" ಎಂದು ಬರೆದಿದ್ದಳು. ನಾನು ಉತ್ತರ ಕೊಡಲಿಲ್ಲವಲ್ಲ, ಎರಡನೆಯದರಲ್ಲೂ ತಪ್ಪಾಯ್ತು, ಮೂರನೆಯದರಲ್ಲೂ ತಪ್ಪಾಯ್ತು. ಮಾಡಿದವಳು ನಾನು, ತಪ್ಪಾಯ್ತು ಎಂದವಳು ಅವಳು! ಆಮೇಲಾಮೇಲೆ ಅದನ್ನು ಬಿಟ್ಟು, ನಾನು ಓದುತ್ತಿದ್ದೇನೆ ಆದರೆ ಬಿಗುಮಾನದಿಂದ ಬರೆಯುತ್ತಿಲ್ಲ ಎಂದು ತಿಳಿದವಳ ಹಾಗೆ, ಅಂಗಡಿಯ ಸುದ್ದಿಗಳನ್ನೇ ಬರೆದಿದ್ದಳು. "ಇವತ್ತು ಒಬ್ಬರು ಬಂದು ಒಂದು ತೋಳು ಉದ್ದ ಆಗಿದೆ ಅಂತ ಕೂಗಾಡಿದ್ರು. ಅಳತೆ ತೆಗೆದು ನೋಡಿದ್ರೆ ಅವರ ಕೈಯೇ ಒಂದು ಗಿಡ್ಡ. ಹೇಗೆ ಹೇಳಲಿ ಅಂತ ಬೆವರು ಬಂತು." ಇನ್ನೊಂದರಲ್ಲಿ, "ನನ್ನ ಅಂಗಡಿಗೆ ನೀನು ಹಾಕಿದ್ಯಲ್ಲ ಬೀಗ, ಬಿಗಿ ಆಗಿದೆ. ಬೇರೆಯವರನ್ನ ಕರೆಸಲ್ಲ. ನಿಂಗೆ ಗೊತ್ತಾದ್ರೆ ಬೈತೀಯ." ನಾನು ಕಲಿತ ಮೇಲೆ ಹಾಕಿದ ಮೊದಲ ಬೀಗ ಅದು, ಓರೆಯಾಗಿ ಕೂತಿದೆ. ಮೂವತ್ತು ವರ್ಷದಿಂದ ಅವಳು ಬಾಗಿಲನ್ನು ಸ್ವಲ್ಪ ಎತ್ತಿಯೇ ಕೀಲಿ ತಿರುಗಿಸುತ್ತಾಳೆ.

ಕೊನೆಯದು ಹೋದ ತಿಂಗಳಿನದು. ಅದನ್ನು ಇಲ್ಲಿ ಪೂರ್ತಿ ಇಳಿಸುತ್ತೇನೆ, ತಾವು ಒಳಗನ್ನು ಓದುವವರಲ್ಲ, ಹೊರಗಿನ ಹೆಸರು ನೋಡುವವರು ಎಂದು ಗೊತ್ತಿದ್ದರೂ. "ಇನ್ನು ಬರೆಯಲ್ಲ ಕಣೇ, ನಿಂಗೆ ತೊಂದರೆ ಕೊಡಬಾರದು. ಕಣ್ಣು ಮಂಜು, ಸೂಜಿಗೆ ದಾರ ಹೋಗ್ತಿಲ್ಲ. ಬರೋ ತಿಂಗಳು ಹದಿನೈದಕ್ಕೆ ಅಂಗಡಿ ಮುಚ್ತಾ ಇದೀನಿ. ಬೀಗ ಮೊದಲು ಹಾಕಿದ್ದು ನೀನೇ, ಕೊನೇ ಸಲ ಹಾಕೋದೂ ನೀನೇ ಆದ್ರೆ ಚೆನ್ನಾಗಿರ್ತಿತ್ತು ಅಂತ ಆಸೆ ಇತ್ತು. ಬರದಿದ್ರೂ ಬೇಜಾರಿಲ್ಲ. ಬೆಲ್ಟ್ ಬಂತಾ ಅಂತ ಕೇಳಿದ್ಯಲ್ಲ, ಅದು ಇನ್ನೂ ಓಡ್ತಾ ಇದೆ." ಇವತ್ತು ಹದಿಮೂರು.

ಈಗ ಹೇಳಿ ಮಾನ್ಯರೇ, ಎರಡು ವರ್ಷ ಸುಖವಾಗಿ ಮುನಿಸಿಕೊಂಡಿದ್ದ ಒಬ್ಬ ಹೆಂಗಸಿನ ನೆಮ್ಮದಿಯನ್ನು ತಾವು ಅರ್ಧ ನಿಮಿಷದಲ್ಲಿ ಹಾಳು ಮಾಡಿದ್ದು ನ್ಯಾಯವೇ? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ಎಂದು ಬೀದಿಯವರೆಲ್ಲ ನಗುವ ಹಾಗಾಯಿತು. ಇಷ್ಟು ದಕ್ಷತೆಯಿಂದ ಕೆಲಸ ಮಾಡುವವರನ್ನು ಯಾವ ಕಚೇರಿಯಲ್ಲೂ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಂಡರೆ ಕಚೇರಿ ಉಳಿಯುವುದಿಲ್ಲ. ಒಂದು ಕಾಗದ ಕೇಳಿದರೆ ಹೋಗಿ ನಾಳೆ ಬನ್ನಿ ಎನ್ನುವ, ಆ ಮೇಜಿಗೆ ಹೋಗಿ ಎನ್ನುವ, ಊಟದ ಸಮಯ ಎನ್ನುವ ಸಂಸ್ಕಾರ ತಮಗೆ ಯಾರೂ ಕಲಿಸಿಲ್ಲವೆಂದು ತೋರುತ್ತದೆ. ಅಂಥವರ ಮುಂದೆ ಎಂಟು ದಿನ ಅಲೆದಿದ್ದರೆ ನನ್ನ ಸಿಟ್ಟು ತಣ್ಣಗಾಗಿ, ಹೋಗಲಿ ಬಿಡು ಎಂದು ನಾನೇ ಅಕ್ಕನಿಗೆ ಬರೆದು ದೊಡ್ಡವಳೆನಿಸಿಕೊಳ್ಳುತ್ತಿದ್ದೆ. ದೊಡ್ಡವಳಾಗುವ ಆ ಒಂದು ಅವಕಾಶವನ್ನೂ ತಾವು ಕಿತ್ತುಕೊಂಡಿರಿ.

ಆದ್ದರಿಂದ ಕೆಲವು ವಿನಮ್ರ ಕೋರಿಕೆಗಳಿವೆ. ಮುಂದೆ ಯಾರಾದರೂ ತಮ್ಮ ಬಳಿ ಬಂದು ಹುಡುಕಿರಿ ಎಂದರೆ, ಎಲ್ಲಿ, ಎಂಥದು ಎಂದು ಕೇಳುವ ಮೊದಲು, ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳಬೇಕೆಂದು ಪ್ರಾರ್ಥನೆ. ಬಂದವರು ಸಿಗಲೆಂದು ಬಂದಿದ್ದಾರೋ ಸಿಗದಿರಲೆಂದು ಬಂದಿದ್ದಾರೋ ಎಂದು ಮುಖ ನೋಡಿ ತಿಳಿಯುವ ಒಂದು ಕಣ್ಣನ್ನು ತಮ್ಮ ಕಿಟಕಿಗೆ ಇಡಿಸಿಕೊಳ್ಳಬೇಕೆಂದೂ ಪ್ರಾರ್ಥನೆ. ಇನ್ನೊಂದನ್ನು ಕೇಳಲು ಸಂಕೋಚವಾಗುತ್ತದೆ. ಇಷ್ಟು ದಿನದ ಹಿಂದಿನದು ಮಾತ್ರ ಎಂದು ದಿನದ ಲೆಕ್ಕ ಕೊಟ್ಟರೆ ತಾವು ಅಂಥದನ್ನೇ ಆರಿಸಿ ತೆಗೆಯುತ್ತೀರಂತೆ, ಪಕ್ಕದ ಅಂಗಡಿಯವರು ತೋರಿಸಿದರು. ಹಾಗಿದ್ದರೆ ಎರಡು ವರ್ಷದ ಹಿಂದಿನ ಆ ಶುಕ್ರವಾರವನ್ನು ಒಮ್ಮೆ ತೆಗೆದುಕೊಡಿ. ನಾನು ಟ್ರಂಕನ್ನು ಮುಟ್ಟುವುದಿಲ್ಲ. ಸಲಕರಣೆಯನ್ನು ಚೀಲದಲ್ಲೇ ಇಟ್ಟು ಭಾನುವಾರದವರೆಗೆ ಕಾಯುತ್ತೇನೆ, ಕೈ ತುರಿಸಿದರೆ ಚಪ್ಪಲಿ ಅಂಗಡಿಯವರ ಬೀರುವಿನ ಬೀಗ ಬಿಚ್ಚಿ ಸಮಾಧಾನ ಮಾಡಿಕೊಳ್ಳುತ್ತೇನೆ.

ಕೊನೆಗೆ ತಮ್ಮ ಸಹೋದ್ಯೋಗಿಯ ಮೇಲೂ ಒಂದು ದೂರಿದೆ, ತಾವೇ ಹಿರಿಯರಾಗಿ ವಿಚಾರಿಸಬೇಕು. ಓದಿ ಮುಗಿಸಿದ ಮೇಲೆ ಎಂಥದೋ ಹಟ ಬಂದು, ಅಕ್ಕನ ಪತ್ರಗಳಲ್ಲಿ ತಪ್ಪಾಯ್ತು ಎಂಬ ಮಾತು ಎಷ್ಟು ಸಲ ಇದೆ ನೋಡಿ ಎಂದು ಗ್ರೆಪ್ ಅವರನ್ನು ಕೇಳಿದೆ. ಹತ್ತೊಂಬತ್ತು ಸಾಲು ತೋರಿಸಿದರು. ಸರಿ, ಹನ್ನೊಂದು ವರ್ಷದಲ್ಲಿ ನಾನೂ ಅವಳಿಗೆ ಬೇಕಾದಷ್ಟು ಬರೆದಿದ್ದೇನೆ, ನಾನೂ ಮನುಷ್ಯಳೇ, ನಾಲ್ಕಾರು ಸಲವಾದರೂ ಅಂದಿರುತ್ತೇನೆ ಎಂದು, ನಾನು ಕಳಿಸಿದ ಪತ್ರಗಳ ಫೋಲ್ಡರಿನಲ್ಲಿ ಅದೇ ಮಾತನ್ನು ಹುಡುಕಿಸಿದೆ. ತಮ್ಮ ಕಚೇರಿಯಲ್ಲಿ ಸಿಕ್ಕರೆ ತೋರಿಸುತ್ತಾರೆ, ಸಿಗದಿದ್ದರೆ ಇಲ್ಲ ಎಂದು ಕೂಡ ಹೇಳುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಕಪ್ಪು ಕಿಟಕಿಯಲ್ಲಿ ಏನೂ ಬರಲಿಲ್ಲ. ಗ್ರೆಪ್ ಅವರು ಇನ್ನೂ ಓದುತ್ತಿರಬಹುದು, ಪತ್ರಗಳು ಬಹಳ ಇವೆಯಲ್ಲ ಎಂದು ಟೀ ತರಿಸಿಕೊಂಡು ಕಾದೆ. ಪಕ್ಕದ ಅಂಗಡಿಯವರು ಇಣುಕಿ ನೋಡಿ, "ಅದು ಆಗಲೇ ಮುಗೀತಲ್ಲ" ಎಂದು ಹೇಳಿ ಹೋದರು. ಆ ಗೆರೆ ಒಂದೇ ಸಮನೆ ಕಣ್ಣು ಮಿಟುಕಿಸುತ್ತಿತ್ತು. ಅಷ್ಟು ಹೊತ್ತು ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಈ ದೂರನ್ನು ತಾವು ಯಾವ ಕಸಕ್ಕೂ ಹಾಕದೆ ಪರಿಶೀಲಿಸುವಿರೆಂದು ನಂಬಿದ್ದೇನೆ. ಇದರ ಒಂದು ಪ್ರತಿಯನ್ನು ನನ್ನ ಅಂಗಡಿಯ ಶಟರಿಗೂ ಅಂಟಿಸುತ್ತಿದ್ದೇನೆ. ನಾಳೆಯಿಂದ ಮೂರು ದಿನ ಬೀಗ ರಿಪೇರಿ ಇಲ್ಲ, ಏಕಿಲ್ಲ ಎಂದು ಗಿರಾಕಿಗಳು ಓದಿಕೊಳ್ಳಲಿ. ಕೀಲಿ ಒಳಗಿಟ್ಟು ಬಾಗಿಲು ಹಾಕಿಕೊಂಡವರು ದಯವಿಟ್ಟು ಅಲ್ಲಿಯವರೆಗೆ ನೆಂಟರ ಮನೆಯಲ್ಲಿರಿ, ಮುನಿಸಿಕೊಂಡ ನೆಂಟರ ಮನೆಯಾದರೆ ಇನ್ನೂ ಒಳ್ಳೆಯದು.

ತಾವು ನನ್ನ ಬಾಯಿ ಮುಚ್ಚಿಸಿದರೂ ಮನಸ್ಸಿನಲ್ಲಿ ಎಂದೆಂದೂ
ತಮ್ಮ ವಿಶ್ವಾಸಿ,
ಬಸ್ ನಿಲ್ದಾಣದ ಹಿಂದಿನ ಬೀದಿಯ ಬೀಗದವಳು

ಮರೆತ ಮಾತು: ಇವತ್ತು ಬೆಳಗ್ಗೆ ಹತ್ತಕ್ಕೆ ಅಕ್ಕನಿಗೆ ಬರೆದೆ. ವಿಷಯ ಬದಲಿಸಲಿಲ್ಲ, ಅವಳಿಗೆ ಗುರುತು ಸಿಗಬೇಕಲ್ಲ. ಟ್ರಂಕಿನೊಳಗೆ ಏನಿತ್ತೆಂದು ಬರೆದೆ, ಕಸ ಎರಡರ ಕಥೆ ಬರೆದೆ, ಹದಿನೈದಕ್ಕೆ ಬರಲೇ ಎಂದು ಕೇಳಿದೆ. ಕಳಿಸಿದ ಮೇಲೆ ಗ್ರೆಪ್ ಅವರಿಂದ ನನ್ನ ಪತ್ರಗಳನ್ನು ಮತ್ತೆ ಹುಡುಕಿಸಿದೆ. ತಪ್ಪಾಯ್ತು ಎಂಬುದು ಒಂದು ಸಾಲಿನಲ್ಲಿ ಸಿಕ್ಕಿತು. ಆಮೇಲೆ ಮಧ್ಯಾಹ್ನದವರೆಗೂ ಉತ್ತರಕ್ಕೆ ಕಾದೆ, ಬರಲಿಲ್ಲ. ಬರೆಯದಿರುವ ಹಕ್ಕು ಅವಳಿಗಿದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಎರಡು ಗಂಟೆಗೆ, ಆ ಹಾಳು ನಿಯಮವನ್ನು ನಾನು ಇನ್ನೂ ತೆಗೆಸಿಲ್ಲ ಎಂದು ಹೊಳೆದು ತಮ್ಮ ಬಳಿ ಓಡಿಬಂದೆ. ಕಸ ಎರಡರಲ್ಲಿ ನಲವತ್ತೆರಡನೆಯದು ಇತ್ತು. "ಬಾ. ಟ್ರಂಕೂ ತಗೊಂಡು ಬಾ, ಗವಸಿನ ಆ ಹೊಲಿಗೆ ಬಿಚ್ಚಿ ಸರಿಯಾಗಿ ಹಾಕ್ತೀನಿ, ದಾರ ನೀನು ಪೋಣಿಸಿಕೊಡು." ಅದು ಹತ್ತೂ ಕಾಲಿಗೇ ಬಂದಿತ್ತು. ಅಷ್ಟು ಹೊತ್ತೂ ಅದು ತಮ್ಮ ಕಚೇರಿಯಲ್ಲೇ ಇತ್ತು, ಆದರೆ ಯಾರೂ ಕೇಳಲಿಲ್ಲ ಎಂಬ ಕಾರಣಕ್ಕೆ ತಾವು ಹೇಳಲಿಲ್ಲ. ಈ ಒಂದು ಗುಣದಲ್ಲಿ ತಾವು ಥೇಟ್ ನನ್ನ ಹಾಗೆಯೇ ಮಾನ್ಯರೇ. ತಮಗೂ ಒಬ್ಬಳು ಅಕ್ಕ ಇರಬೇಕಿತ್ತು.